ಹಳೇ ಕಾರು, ತರಗೆಲೆ, ತುಕ್ಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಹತ್ತಿರ ಬಂದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ತುಕ್ಕಿನ ಮಾತೇ ಹೆಚ್ಚು. ಈ ಸಲ ಹತ್ತು ವರ್ಷ ದಾಟಿದ ಕಾರುಗಳ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇವೆ. ಹೆಚ್ಚಿನವುಗಳ ಬೇರು ಒಂದೇ. ನೀರು ಹೊರಗೆ ಹೋಗಲೆಂದು ಬಿಟ್ಟ ದಾರಿಯಲ್ಲಿ ಎಲೆಯೋ ಮಣ್ಣೋ ಬಂದು ಕೂತಿದೆ.

ಪ್ರಶ್ನೆ: ನನ್ನದು 2009ರ ಚಿಕ್ಕ ಹ್ಯಾಚ್‌ಬ್ಯಾಕ್. ಮನೆ ಮುಂದೆ ಗುಲ್‌ಮೊಹರ್ ಮರದ ಕೆಳಗೇ ನಿಲ್ಲುತ್ತದೆ. ಜೋರು ಮಳೆ ಬಂದ ಮಾರನೆಯ ದಿನ ಮುಂದಿನ ಎಡ ಸೀಟಿನ ಕಾಲಿನ ಬಳಿ ಕಾರ್ಪೆಟ್ ಒದ್ದೆಯಾಗಿರುತ್ತದೆ, ಮುಗ್ಗಲು ವಾಸನೆ ಬೇರೆ. ಎ.ಸಿ. ಪೈಪಿನ ತೊಂದರೆ ಎಂದು ಗ್ಯಾರೇಜಿನಲ್ಲಿ ಸರಿಮಾಡಿಕೊಟ್ಟರು. ಆದರೂ ನಿಂತಿಲ್ಲ.
— ಓದುಗರು, ಮಲ್ಲೇಶ್ವರ

ಉತ್ತರ: ಎ.ಸಿ. ನೀರು ಯಾವುದು, ಮಳೆ ನೀರು ಯಾವುದು ಎಂದು ಮನೆಯಲ್ಲೇ ಪತ್ತೆ ಮಾಡಬಹುದು. ಬಿಸಿಲಿನ ದಿನ ಎ.ಸಿ. ಹಾಕಿಕೊಂಡು ಓಡಾಡಿದಾಗ ಒದ್ದೆಯಾದರೆ ಅದು ಎ.ಸಿ.ಯದು. ನಿಂತ ಕಾರು ಮಳೆಗೆ ಒದ್ದೆಯಾದರೆ ನೀರು ಮೇಲಿನಿಂದ ಬಂದಿದೆ. ಕೈಗೆ ಅಂಟಂಟಾಗಿ, ಸಿಹಿ ವಾಸನೆ ಬಂದರೆ ಹೀಟರಿನಿಂದ ಸೋರಿದ ಕೂಲೆಂಟ್, ಅದು ಬೇರೆಯೇ ರಿಪೇರಿ. ನಿಮ್ಮ ವಿವರ ನೋಡಿದರೆ ಇದು ಮಳೆ ನೀರು.

ಮುಂಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗೆ ಕಪ್ಪು ಪ್ಲಾಸ್ಟಿಕ್ ಜಾಲರಿ ಇದೆಯಲ್ಲ, ಅದರಡಿ ಕಾರಿನ ಅಗಲಕ್ಕೂ ತಗಡಿನ ಒಂದು ದೋಣಿ ಇರುತ್ತದೆ. ಹೆಂಚಿನ ಮನೆಯ ಸೂರಿಗೆ ಕಟ್ಟಿದ ದೋಣಿಯ ಕೆಲಸವೇ ಅದರದೂ. ಗಾಜಿನ ಮೇಲೆ ಬಿದ್ದ ನೀರು ಇದಕ್ಕಿಳಿದು, ಎರಡು ತುದಿಯ ತೂತುಗಳಿಂದ ಮುಂದಿನ ಚಕ್ರಗಳ ಹಿಂಬದಿಗೆ ಬೀಳಬೇಕು. ಬ್ಲೋವರ್ (ಎ.ಸಿ.ಯ ಗಾಳಿ ಬೀಸುವ ಫ್ಯಾನ್) ಹೊರಗಿನ ಗಾಳಿ ಎಳೆದುಕೊಳ್ಳುವ ಬಾಯಿಯೂ ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ ಇದೇ ದೋಣಿಯ ಎಡಭಾಗದಲ್ಲಿದೆ. ಅದರ ಸುತ್ತ ಒಂದು ಗಿಡ್ಡ ಕಟ್ಟೆ ಇರುತ್ತದೆ. ತೂತು ಕಟ್ಟಿಕೊಂಡರೆ ದೋಣಿ ತುಂಬಿ, ನೀರು ಕಟ್ಟೆ ದಾಟಿ ಬ್ಲೋವರ್ ಮೂಲಕ ನಿಮ್ಮ ಎಡ ಕಾರ್ಪೆಟ್ಟಿಗೆ ಇಳಿಯುತ್ತದೆ.

ಮರ ಯಾವುದು ಎಂಬುದೂ ಇಲ್ಲಿ ಮುಖ್ಯ. ಹೊಂಗೆಯ ಎಲೆ ದೊಡ್ಡದು, ಜಾಲರಿಯ ಮೇಲೇ ನಿಲ್ಲುತ್ತದೆ, ಗುಡಿಸಿ ಹಾಕಬಹುದು. ಗುಲ್‌ಮೊಹರ್, ಮಳೆಮರ, ಜಕರಂಡಗಳದು ಪುಟ್ಟ ಪುಟ್ಟ ಎಲೆ. ಅವು ಜಾಲರಿಯ ಸಂದಿಯಲ್ಲಿ ಸರಾಗವಾಗಿ ಇಳಿದು, ಧೂಳಿನ ಜೊತೆ ಕೊಳೆತು, ಕಪ್ಪು ಗೊಬ್ಬರದ ಹಾಗೆ ತಳದಲ್ಲಿ ಕೂರುತ್ತವೆ. ಮೇಲಿನಿಂದ ನೋಡಿದರೆ ಕಾರು ಶುಚಿಯಾಗಿಯೇ ಕಾಣುತ್ತದೆ.

ಕೆಲಸ ಹೀಗೆ ಮಾಡಿ. ವೈಪರ್ ಕಡ್ಡಿ ಗಾಜಿನ ಮೇಲೆ ಎಲ್ಲಿ ನಿಲ್ಲುತ್ತದೋ ಅಲ್ಲಿ ಮಾಸ್ಕಿಂಗ್ ಟೇಪಿನ ಗುರುತು ಹಾಕಿ, ಇಲ್ಲದಿದ್ದರೆ ಮತ್ತೆ ಕೂರಿಸುವಾಗ ಕೋನ ತಪ್ಪುತ್ತದೆ. ತೋಳಿನ ಬುಡದ ನಟ್ ಬಿಚ್ಚಿ. ತೋಳು ಕಚ್ಚಿಕೊಂಡಿದ್ದರೆ ಸ್ವಲ್ಪ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಟ್ಟು ಅಲ್ಲಾಡಿಸಿ. ಸ್ಕ್ರೂಡ್ರೈವರ್ ಕೊಟ್ಟು ಮೀಟಿದರೆ ಗಾಜು ಹೋಗುತ್ತದೆ. ಜಾಲರಿಯ ಪ್ಲಾಸ್ಟಿಕ್ ಕ್ಲಿಪ್ಪುಗಳು ಹತ್ತು ವರ್ಷದ ಬಿಸಿಲಿಗೆ ಪಟಪಟ ಮುರಿಯುತ್ತವೆ, ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಂದ ಮೊದಲೇ ಹತ್ತು ಕ್ಲಿಪ್ ತಂದಿಟ್ಟುಕೊಂಡು ಶುರುಮಾಡಿ. ಕಸವನ್ನು ಕೈಯಿಂದ, ಹಳೇ ಚಮಚದಿಂದ ಎತ್ತಿ ಹಾಕಿ. ಮೊದಲೇ ಪೈಪು ಹಿಡಿದು ನೀರು ಬಿಟ್ಟರೆ ಮೇಲಿದ್ದ ಕಸವೂ ತೂತಿನೊಳಗೆ ಹೋಗಿ ಬಿರಡೆಯಂತೆ ಕೂರುತ್ತದೆ. ಎಲ್ಲರೂ ಮಾಡುವ ತಪ್ಪು ಇದೇ.

ಕಸ ತೆಗೆದ ಮೇಲೆ ಎಡಕ್ಕೆ ಒಂದು ಲೀಟರ್, ಬಲಕ್ಕೆ ಒಂದು ಲೀಟರ್ ನೀರು ನಿಧಾನವಾಗಿ ಸುರಿದು ಕೆಳಗೆ ಬಗ್ಗಿ ನೋಡಿ. ನೀರು ಕೂಡಲೇ, ಧಾರೆಯಾಗಿ ಬೀಳಬೇಕು. ತೊಟ್ಟಿಕ್ಕುತ್ತಿದ್ದರೆ ತುದಿಯ ರಬ್ಬರ್ ಕೊಳವೆಯಲ್ಲಿ ಇನ್ನೂ ಕಸವಿದೆ ಎಂದರ್ಥ. ಕೊಳವೆಯನ್ನು ಕೆಳಗಿನಿಂದ ಹಿಸುಕಿದರೆ ಕಪ್ಪು ಗಸಿ ಉದುರುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ, ಕಾರ್ಪೆಟ್ ಎತ್ತಲೇಬೇಕು. ಮೇಲ್ಮೈ ಎರಡು ದಿನದಲ್ಲಿ ಒಣಗಿದಂತೆ ಕಾಣುತ್ತದೆ, ಅಡಿಯ ಫೆಲ್ಟ್ ಮಾತ್ರ ವಾರಗಟ್ಟಲೆ ಸ್ಪಂಜಿನ ಹಾಗೆ ನೀರು ಹಿಡಿದು ತಗಡಿಗೆ ಒತ್ತಿಕೊಂಡಿರುತ್ತದೆ. ಸೀಟಿನ ನಾಲ್ಕು ಬೋಲ್ಟ್ ಬಿಚ್ಚಿ ಸೀಟು ಹೊರಗಿಡಿ. ಸೀಟಿನ ಕೆಳಗೆ ಹಳದಿ ಬಣ್ಣದ ವೈರ್ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿಗೆ ಸಂಬಂಧಿಸಿದ್ದು. ಅದನ್ನು ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಕಾಯಿರಿ. ಫೆಲ್ಟ್ ಹೊರತೆಗೆದು ಬಿಸಿಲಿಗೆ ಹಾಕಿ. ಪ್ಲಾಟ್‌ಫಾರ್ಮಿನ, ಅಂದರೆ ಕಾರಿನ ತಳದ, ತಗಡು ಒರೆಸಿ, ಎರಡು ದಿನ ಗಾಳಿಗೆ ಬಿಟ್ಟು, ಕಂದು ಚುಕ್ಕೆ ಇದ್ದಲ್ಲಿ ಮುಂದಿನ ಉತ್ತರದಲ್ಲಿ ಹೇಳುವ ಕ್ರಮದಲ್ಲಿ ಚಿಕಿತ್ಸೆ ಮಾಡಿ. ತಳದ ರಬ್ಬರ್ ಬೂಚುಗಳು ಒಡೆದಿದ್ದರೆ ಬದಲಿಸಿ. ಕೆಲವರು ನೀರು ಹೋಗಲಿ ಎಂದು ಬೂಚು ತೆಗೆದೇ ಬಿಡುತ್ತಾರೆ. ಆಗ ರಸ್ತೆಯ ಕೆಸರು ಕೆಳಗಿನಿಂದ ಒಳಬರುತ್ತದೆ.

ಪ್ರಶ್ನೆ: ನಮ್ಮ ತಂದೆಯವರ 1999ರ ಮಾರುತಿ 800 ಇಟ್ಟುಕೊಂಡಿದ್ದೇನೆ. ಮುಂದಿನ ಚಕ್ರದ ಹಿಂದೆ, ಫೆಂಡರಿನ (ಚಕ್ರದ ಮೇಲಿನ ಹೊರತಗಡಿನ) ಕೆಳತುದಿಯಲ್ಲಿ ಪೇಂಟ್ ಗುಳ್ಳೆ ಎದ್ದಿತ್ತು. ಪುಟ್ಟಿ ಹಾಕಿಸಿ ಪೇಂಟ್ ಮಾಡಿಸಿದೆ. ಒಂದೇ ಮಳೆಗಾಲಕ್ಕೆ ಮತ್ತೆ ಅಲ್ಲೇ ಎದ್ದಿದೆ, ಈಗ ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡಿಗೂ ಬಂದಿದೆ. ಪೇಂಟರ್ ಮೋಸ ಮಾಡಿದರೇ?
— ಓದುಗರು, ಬಸವನಗುಡಿ

ಉತ್ತರ: ಪೇಂಟ್ ಎಷ್ಟೇ ಒಳ್ಳೆಯದಿದ್ದರೂ ಅಲ್ಲಿ ನಿಲ್ಲುತ್ತಿರಲಿಲ್ಲ, ಏಕೆಂದರೆ ರೋಗ ಇರುವುದು ತಗಡಿನ ಹಿಂಬದಿಯಲ್ಲಿ. ಚಕ್ರ ಎರಚುವ ಕೆಸರು ಫೆಂಡರಿಗೂ ಒಳಗಿನ ತಗಡಿಗೂ ನಡುವಿನ ಸಂದಿಗೆ ಹೋಗಿ, ಕೆಳಗೆ ಸೋಸಿಹೋಗಲು ಜಾಗವಿಲ್ಲದೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಎಷ್ಟೋ ಹಳೇ ಕಾರುಗಳಲ್ಲಿ ಒಂದೊಂದು ಬದಿಯಿಂದ ಬೊಗಸೆ ತುಂಬ ಮಣ್ಣು ಬರುತ್ತದೆ.

ಆ ಮಣ್ಣು ಗಾಯಕ್ಕೆ ಕಟ್ಟಿದ ಒದ್ದೆ ಪಟ್ಟಿಯಂತೆ ವರ್ತಿಸುತ್ತದೆ. ಬಯಲಲ್ಲಿರುವ ತಗಡು ಮಳೆ ನಿಂತು ಗಂಟೆಯೊಳಗೆ ಒಣಗಿದರೆ, ಮಣ್ಣಿನಡಿಯ ತಗಡು ದಿನಗಟ್ಟಲೆ ಒಣಗುವುದೇ ಇಲ್ಲ. ಜೊತೆಗೆ ಮಣ್ಣಿನ ಅಂಚಿನಲ್ಲಿ ಗಾಳಿ ಆಡುತ್ತದೆ, ಅಡಿಯಲ್ಲಿ ಆಡುವುದಿಲ್ಲ. ಒಂದೇ ತಗಡಿನಲ್ಲಿ ಆಮ್ಲಜನಕ ಹೆಚ್ಚಿರುವ ಜಾಗ, ಕಡಿಮೆ ಇರುವ ಜಾಗ ಎರಡೂ ಅಕ್ಕಪಕ್ಕ ಸೇರಿದಾಗ ಸಣ್ಣ ಬ್ಯಾಟರಿಯೊಂದು ಹುಟ್ಟುತ್ತದೆ. ಅದರಲ್ಲಿ ಸವೆಯುವುದು ಆಮ್ಲಜನಕ ಕಡಿಮೆ ಇರುವ ಕಡೆ, ಅಂದರೆ ಕಣ್ಣಿಗೆ ಕಾಣದ ಅಡಿಭಾಗ. ಕಾರಿನ ಹೊರತಗಡಿನ ದಪ್ಪ ಸುಮಾರು 0.7ರಿಂದ 0.8 ಮಿ.ಮೀ. ಮಾತ್ರ. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಉಬ್ಬುವುದರಿಂದ ಹೊರಗೆ ಗುಳ್ಳೆ ಕಾಣುತ್ತದೆ. ಗುಳ್ಳೆ ಕಂಡ ಹೊತ್ತಿಗೆ ಒಳಗಿನಿಂದ ತಗಡು ಬಹುಪಾಲು ಹೋಗಿರುತ್ತದೆ. ಅದರ ಮೇಲೆ ಬಳಿದ ಪುಟ್ಟಿ ತಾನೂ ತೇವ ಹೀರುವ ವಸ್ತು.

ಈಗ ಏನು ಮಾಡಬೇಕು? ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಜ್ಯಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟ ಮೇಲೆಯೇ ಮುಂದಿನ ಚಕ್ರ ತೆಗೆಯಿರಿ. ರನ್ನಿಂಗ್ ಬೋರ್ಡ್ ಟೊಳ್ಳಾಗಿದ್ದರೆ ಜ್ಯಾಕ್ ಅದರೊಳಗೇ ಕುಸಿಯಬಹುದು. ಅಂಥ ಕಡೆ ಸಸ್ಪೆನ್ಷನ್ ಕೂತ ಗಟ್ಟಿ ಭಾಗಕ್ಕೆ ಜ್ಯಾಕ್ ಕೊಡಿ. ಬರೀ ಜ್ಯಾಕಿನ ಮೇಲೆ ನಿಂತ ಕಾರಿನಡಿ ಕೈಯನ್ನೂ ಹಾಕಬೇಡಿ. ಮಡ್‌ಫ್ಲ್ಯಾಪ್, ಒಳಗಿನ ಪ್ಲಾಸ್ಟಿಕ್ ಲೈನರ್ ಇದ್ದರೆ ಅದು, ಎರಡನ್ನೂ ಬಿಚ್ಚಿ. ಮಣ್ಣನ್ನು ಮರದ ತುಂಡಿನಿಂದ ಕೆರೆದು ತೆಗೆಯಿರಿ. ಬಾಟಲಿ ತೊಳೆಯುವ ಬ್ರಷ್ ಸಂದಿಗೆ ಸರಿಯಾಗಿ ಹೋಗುತ್ತದೆ. ಕೊನೆಗೆ ತಿಳಿನೀರು ಹರಿಯುವವರೆಗೆ ತೊಳೆದು ಪೂರ್ತಿ ಒಣಗಿಸಿ.

ನಂತರ ಸ್ಕ್ರೂಡ್ರೈವರ್ ತುದಿಯಿಂದ ಗುಳ್ಳೆಯ ಸುತ್ತ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಉಳಿಸಬಹುದು: ತಂತಿ ಬ್ರಷ್ಷಿನಿಂದ ಸಡಿಲ ತುಕ್ಕು ತೆಗೆದು, 80 ನಂಬರಿನ ಉಪ್ಪುಕಾಗದ, ಆಮೇಲೆ 180 ನಂಬರಿನದ್ದು ಉಜ್ಜಿ. ಹೊಳೆಯುವ ಬರಿ ಲೋಹ ಸಿಕ್ಕರೆ ಎಪಾಕ್ಸಿ ಪ್ರೈಮರ್ ಅಥವಾ ಜಿಂಕ್ ಪ್ರೈಮರ್ ಹಚ್ಚಬಹುದು. ಗುಳಿಗಳಲ್ಲಿ ತುಕ್ಕು ಉಳಿದಿದ್ದರೆ ರಸ್ಟ್ ಕನ್ವರ್ಟರ್ ತೆಳ್ಳಗೆ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ತುಕ್ಕು ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಅದರ ಮೇಲೆ ಜಿಂಕ್ ಪ್ರೈಮರ್ ಹಚ್ಚಿದರೆ ದುಡ್ಡು ದಂಡ, ಸತು ನೇರವಾಗಿ ಕಬ್ಬಿಣಕ್ಕೆ ತಾಗಿದರೆ ಮಾತ್ರ ಕೆಲಸ ಮಾಡುತ್ತದೆ. ಅಲ್ಲಿಗೆ ಎಪಾಕ್ಸಿಯೇ ಸರಿ, ಎರಡು ಕೋಟ್. ಜೋಡಣೆಯ ಅಂಚಿಗೆ ಸೀಮ್ ಸೀಲರ್ (ಸಂದಿ ಮುಚ್ಚುವ ಅಂಟು) ಎಳೆಯಿರಿ. ಕೆಳತುದಿಯ ನೀರಿನ ಸಂದಿಗೆ ಮಾತ್ರ ಸೀಲರ್ ತಾಗಬಾರದು.

ಸ್ಕ್ರೂಡ್ರೈವರ್ ಒಳಗೆ ಹೋಯಿತೆಂದರೆ ಉಜ್ಜುತ್ತಾ ಕೂರಬೇಡಿ. 800ರ ಮುಂದಿನ ಫೆಂಡರ್ ಬೋಲ್ಟಿನಿಂದ ಕೂತಿರುವಂಥದ್ದು, ಬೇರೆಯದನ್ನು ಹಾಕಿಸಿಬಿಡುವುದೇ ಲೇಸು. ಹಾಕುವ ಮೊದಲು ಅದರ ಒಳಮೈಗೆ ಪೇಂಟ್ ಆಗಿರಲಿ. ಅಂಗಡಿಯಲ್ಲಿ ಸಿಗುವ ಫೆಂಡರಿಗೆ ಇರುವುದು ಬರೀ ತೆಳು ಪ್ರೈಮರ್. ರನ್ನಿಂಗ್ ಬೋರ್ಡ್ ಹಾಗಲ್ಲ, ಅದು ಕಾರಿನ ಬೆನ್ನುಮೂಳೆಯ ಭಾಗ. ಕೊಳೆತ ತಗಡು ಕತ್ತರಿಸಿ, ಅದೇ ದಪ್ಪದ ಹೊಸ ತಗಡು ಕೂರಿಸಿ ಬೆಸೆಯಬೇಕು. ಟಿಂಕರ್ ಬಳಿ ಸಿಓ2 ವೆಲ್ಡಿಂಗ್ ಕೇಳಿ. ಗ್ಯಾಸ್ ವೆಲ್ಡಿಂಗಿನ ಶಾಖ ಅಕ್ಕಪಕ್ಕದ ಅಷ್ಟು ದೂರದ ಪೇಂಟನ್ನೂ ಸುಟ್ಟು, ತಗಡನ್ನು ಸೊಟ್ಟ ಮಾಡುತ್ತದೆ. ವೆಲ್ಡಿಂಗಿಗೆ ಮುನ್ನ ಬ್ಯಾಟರಿ ನೆಗೆಟಿವ್ ತೆಗೆಸಿ. ವೆಲ್ಡಿಂಗ್ ಆದಮೇಲೆ ಒಳಭಾಗಕ್ಕೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಭಾಗದೊಳಗೆ ಹೊಡೆಯುವ ಮೇಣ) ಹೊಡೆಸದೆ ಕಾರು ತರಬೇಡಿ. ಹೊರಗೆ ಎಷ್ಟು ಚೆನ್ನಾಗಿ ಪೇಂಟ್ ಮಾಡಿದರೂ, ಬೆಸುಗೆಯ ಹಿಂಬದಿ ಬೆತ್ತಲೆಯಾಗಿರುತ್ತದೆ. ಹೊಸ ತಗಡು ಹಳೆಯದಕ್ಕಿಂತ ಬೇಗ ಹೋಯಿತು ಎಂದು ಜನ ಹೇಳುವುದು ಈ ಒಂದು ಹಂತ ಬಿಟ್ಟುಹೋದದ್ದರಿಂದ.

ಪ್ರಶ್ನೆ: ಹಿಂದಿನ ಬಾಗಿಲು ತೆಗೆದು ಹಾಕಿದಾಗ ಒಳಗೆ ನೀರು ಕುಲುಕಿದ ಸದ್ದು. ಗಾಜು ಸರಿಯಾಗಿಯೇ ಮುಚ್ಚುತ್ತದೆ. ನೀರು ಹೇಗೆ ಹೋಯಿತು?
— ಓದುಗರು, ವಿಜಯನಗರ

ಉತ್ತರ: ಬಾಗಿಲೊಳಗೆ ನೀರು ಹೋಗುವುದು ಸಹಜ. ಗಾಜಿನ ಹೊರಬದಿಯ ರಬ್ಬರ್ ಬೀಡಿಂಗ್ ಎಲ್ಲ ನೀರನ್ನೂ ತಡೆಯುವುದಿಲ್ಲ. ತಡೆಯಲಾರದು ಎಂದೇ ಬಾಗಿಲ ಕೆಳಅಂಚಿನಲ್ಲಿ ಎರಡೋ ಮೂರೋ ತೂತು ಬಿಟ್ಟಿರುತ್ತಾರೆ. ಬಾಗಿಲು ಪೂರ್ತಿ ತೆರೆದು, ಕೆಳಗಿನಿಂದ ಕನ್ನಡಿ ಹಿಡಿದು ನೋಡಿ, ಉದ್ದನೆಯ ಸಣ್ಣ ಸೀಳುಗಳು ಕಾಣುತ್ತವೆ.

ಅವನ್ನು ಬಿಡಿಸಲು ತೆಂಗಿನ ಪೊರಕೆಯ ಕಡ್ಡಿಗಿಂತ ಒಳ್ಳೆಯ ಸಾಧನವಿಲ್ಲ. ಬಾಗುತ್ತದೆ, ಆದರೆ ಗೀರುವುದಿಲ್ಲ. ಕೇಬಲ್ ಟೈ ಸಹ ಆದೀತು. ಸ್ಕ್ರೂಡ್ರೈವರ್, ಮೊಳೆ ಬೇಡ. ತೂತಿನ ಅಂಚಿನ ಪೇಂಟ್ ಎದ್ದರೆ ನಾಳೆಯ ತುಕ್ಕು ಅಲ್ಲಿಂದಲೇ. ನೀರು ಸುರಿದುಹೋದ ಮೇಲೆ ಗಾಜು ಇಳಿಸಿ, ಮೇಲಿನ ಸಂದಿಯಿಂದ ಅರ್ಧ ಲೀಟರ್ ನೀರು ಬಿಟ್ಟು ಎಲ್ಲ ತೂತುಗಳಿಂದಲೂ ಬರುತ್ತಿದೆಯೇ ನೋಡಿ. ಒಂದರಲ್ಲಿ ಬಂದರೆ ಸಾಲದು, ಕಾರು ನಿಂತ ಇಳಿಜಾರಿಗೆ ತಕ್ಕಂತೆ ಇನ್ನೊಂದು ತುದಿಯಲ್ಲಿ ನೀರು ಉಳಿದೀತು.

ಬೀಡಿಂಗ್ ಕೈಯಿಂದ ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿ ಗಾಜಿನಿಂದ ದೂರ ಸರಿದಿದ್ದರೆ ಬದಲಿಸಿ, ಎಲೆಚೂರು ಒಳಹೋಗುವುದು ಅಲ್ಲಿಂದಲೇ. ಕಾರಿಗೆ ಸ್ಪೀಕರನ್ನೋ ಸೆಂಟ್ರಲ್ ಲಾಕನ್ನೋ ಆಮೇಲೆ ಹಾಕಿಸಿದ್ದರೆ ಇನ್ನೊಂದು ಪರೀಕ್ಷೆಯೂ ಬೇಕು. ಬಾಗಿಲ ಒಳ ಹಲಗೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ವೈರು ಎಳೆಯುವವರು ಅದನ್ನು ಹರಿದು ಹಾಗೇ ಬಿಟ್ಟರೆ, ನೀರು ಕೆಳಗಿಳಿಯುವ ಬದಲು ಹಲಗೆಗೆ, ಅಲ್ಲಿಂದ ಕಾರ್ಪೆಟ್ಟಿಗೆ ಬರುತ್ತದೆ. ಹರಿದಲ್ಲಿ ದಪ್ಪ ಪಾಲಿಥೀನ್ ಹಾಳೆಯನ್ನು ಬ್ಯುಟೈಲ್ ಟೇಪಿನಿಂದ ಅಂಟಿಸಿ.

ಪ್ರಶ್ನೆ: 12 ವರ್ಷದ ಕಾರಿನ ತಳಕ್ಕೆ ಈಗ ಅಂಡರ್‌ಕೋಟಿಂಗ್ ಮಾಡಿಸಿದರೆ ಪ್ರಯೋಜನವಿದೆಯೇ? ನಮ್ಮ ಮೆಕ್ಯಾನಿಕ್ ಹಳೇ ಇಂಜಿನ್ ಆಯಿಲ್ ಹೊಡೆದರೆ ಸಾಕು ಎನ್ನುತ್ತಾರೆ.
— ಓದುಗರು, ಪೀಣ್ಯ

ಉತ್ತರ: ಹಳೇ ಆಯಿಲ್ ಬೇಡವೇ ಬೇಡ. ಸುಟ್ಟ ಆಯಿಲಿನಲ್ಲಿ ಇಂಜಿನ್ನಿನಿಂದ ಬಂದ ಆಮ್ಲದ ಅಂಶ, ಮಸಿ ಎಲ್ಲ ಸೇರಿರುತ್ತದೆ. ಬುಷ್, ಡ್ರೈವ್‌ಶಾಫ್ಟ್ ಬೂಟಿನಂಥ ರಬ್ಬರ್ ಭಾಗಗಳನ್ನು ಅದು ಉಬ್ಬಿಸಿ ಮೆತ್ತಗಾಗಿಸುತ್ತದೆ. ಧೂಳು ಅದಕ್ಕೆ ಅಂಟಿ ಮತ್ತೆ ಮಣ್ಣಿನ ಪದರವೇ ಕಟ್ಟುತ್ತದೆ. ಮಳೆಗೆ ತೊಳೆದುಹೋದದ್ದು ಚರಂಡಿಯ ಮೂಲಕ ಕೆರೆ ಸೇರುತ್ತದೆ. ಬ್ರೇಕ್ ಡಿಸ್ಕಿಗೆ ಒಂದು ಹನಿ ಬಿದ್ದರೂ ಅಪಾಯ.

ಕಪ್ಪು ರಬ್ಬರಿನಂಥ ದಪ್ಪ ಅಂಡರ್‌ಕೋಟಿಂಗ್ ಹೊಸ ಕಾರಿಗೆ ಸರಿ. 12 ವರ್ಷದ್ದಕ್ಕೆ ಮಾಡಿಸುವುದಾದರೆ ಅದರ ಕೆಳಗೆ ಏನಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಮಣ್ಣು, ತುಕ್ಕು ಇರುವ ಕಡೆಯೇ ಹೊಡೆದರೆ ಪದರ ಒಂದೆರಡು ವರ್ಷಕ್ಕೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರು ಹೊರಬರಲಾರದು. ಹೊರಗೆ ನುಣ್ಣಗೆ ಕಪ್ಪಗೆ ಕಾಣುವ ತಳ ಒಳಗೆ ಹಪ್ಪಳವಾಗಿರುತ್ತದೆ. ಅವಸರದಲ್ಲಿ ಕೋಟಿಂಗ್ ಮಾಡುವವರು ನೀರಿನ ತೂತುಗಳ ಮೇಲೂ ಹೊಡೆದುಬಿಡುತ್ತಾರೆ, ಅಲ್ಲಿಗೆ ಇದ್ದ ದಾರಿಯೂ ಹೋಯಿತು.

ಮಾಡಿಸುವುದೇ ಆದರೆ ಹೀಗೆ ಷರತ್ತು ಹಾಕಿ. ತೊಳೆದ ಮೇಲೆ ಕಾರು ಒಂದು ರಾತ್ರಿ ಒಣಗಬೇಕು. ಎದ್ದುಬಂದ ಹಳೇ ಪದರವನ್ನು ಕೆರೆದು ತೆಗೆಯಬೇಕು. ಸೈಲೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್, ಬ್ರೇಕ್, ಡ್ರೈವ್‌ಶಾಫ್ಟ್, ಎಲ್ಲ ತೂತುಗಳಿಗೂ ಟೇಪು ಅಥವಾ ಪೇಪರ್ ಮುಚ್ಚಬೇಕು. ಕೆಲಸ ಮುಗಿದ ಮೇಲೆ ತೂತುಗಳನ್ನು ನಿಮ್ಮ ಕಣ್ಣೆದುರೇ ಕಡ್ಡಿ ಹಾಕಿ ತೋರಿಸಬೇಕು.

ನಮ್ಮ ಸಲಹೆ ಕೇಳುವುದಾದರೆ ಅದೇ ದುಡ್ಡನ್ನು ಟೊಳ್ಳು ಭಾಗಗಳಿಗೆ ಹಾಕಿ. ರನ್ನಿಂಗ್ ಬೋರ್ಡಿನ ಒಳಗೆ, ಬಾಗಿಲ ತಳ, ಡಿಕ್ಕಿ ಬಾಗಿಲ ಮಡಿಕೆ, ಹಿಂದಿನ ಚಕ್ರದ ಕಮಾನು, ಇವಕ್ಕೆ ಕ್ಯಾವಿಟಿ ವ್ಯಾಕ್ಸ್. ಅದು ಗಟ್ಟಿಯಾಗದೆ ಮೇಣದಂತೆ ಮೆತ್ತಗೇ ಉಳಿದು ಜೋಡಣೆಯ ಸಂದಿಗೆ ತಾನೇ ಹರಿಯುತ್ತದೆ. ಚಿಕ್ಕ ಕಾರಿನ ನಾಲ್ಕು ಬಾಗಿಲು, ಎರಡು ರನ್ನಿಂಗ್ ಬೋರ್ಡಿಗೆ 500 ಮಿ.ಲೀ.ನ ಎರಡು-ಮೂರು ಡಬ್ಬಿ ಹಿಡಿಯುತ್ತದೆ. ಡಬ್ಬಿಯ ಜೊತೆ ಉದ್ದನೆಯ ನಳಿಕೆ ಇರುವುದನ್ನೇ ಕೊಳ್ಳಿ. ನಳಿಕೆಯನ್ನು ತುದಿಯವರೆಗೆ ತೂರಿಸಿ, ಒತ್ತುತ್ತಾ ನಿಧಾನವಾಗಿ ಹಿಂದಕ್ಕೆಳೆಯಬೇಕು. ಬಿಸಿಲಿನ ದಿನ, ಬಾಗಿಲೆಲ್ಲ ತೆರೆದು, ಬೆಂಕಿಯಿಂದ ದೂರ ಮಾಡಿ. ಹೆಚ್ಚಾದದ್ದು ಒಂದು ದಿನ ತೊಟ್ಟಿಕ್ಕುತ್ತದೆ, ಕೆಳಗೆ ಪೇಪರ್ ಹಾಸಿ. ಮರುದಿನ ತೂತುಗಳಲ್ಲಿ ಮತ್ತೆ ಕಡ್ಡಿ ಆಡಿಸಿ. ಎರಡು ವರ್ಷಕ್ಕೊಮ್ಮೆ ಒಳಗೆ ಇಣುಕಿ, ಬೇಕಾದರೆ ಇನ್ನೊಮ್ಮೆ ಹೊಡೆಯಿರಿ. ಮುಂದೆಂದಾದರೂ ಆ ಜಾಗದಲ್ಲಿ ವೆಲ್ಡಿಂಗ್ ಬಂದರೆ ಒಳಗೆ ವ್ಯಾಕ್ಸ್ ಇದೆ ಎಂದು ಟಿಂಕರ್‌ಗೆ ಮೊದಲೇ ಹೇಳಿ, ಬೆಂಕಿ ಹತ್ತುವ ವಸ್ತು ಅದು.

ಪ್ರಶ್ನೆ: ತಿಂಗಳಿಗೊಮ್ಮೆ ವಾಟರ್ ಸರ್ವಿಸ್ ಮಾಡಿಸುತ್ತೇನೆ. ಆದರೂ ಹಿಂದಿನ ಚಕ್ರದ ಕಮಾನಿನ ಅಂಚು ತುಕ್ಕು ಹಿಡಿಯುತ್ತಿದೆ.
— ಓದುಗರು, ಆರ್.ಟಿ. ನಗರ

ಉತ್ತರ: ಕಮಾನಿನ ತಗಡನ್ನು ಒಳಗೆ ಮಡಿಸಿರುತ್ತಾರೆ. ಆ ಮಡಿಕೆಯ ಮೇಲ್ಮುಖದಲ್ಲಿ ಮಣ್ಣು ಕೂರುತ್ತದೆ. ಹೊರಗಿನಿಂದ ಹೊಡೆದ ಪ್ರೆಷರ್ ನೀರು ಅದನ್ನು ತೆಗೆಯುವ ಬದಲು ಒದ್ದೆ ಮಾಡಿ ಇನ್ನಷ್ಟು ಒಳಕ್ಕೆ ತುರುಕುತ್ತದೆ. ಮಡಿಕೆಯ ಮೇಲೆ ಬೆರಳಾಡಿಸಿ, ಕೈಗವಸು ಇರಲಿ, ತಗಡಿನ ಅಂಚು ಕುಯ್ಯುತ್ತದೆ. ಮಣ್ಣನ್ನು ಬೆರಳಿನಿಂದ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಗಿಡಕ್ಕೆ ನೀರು ಹೊಡೆಯುವ ಕೈ ಸ್ಪ್ರೇಯರಿನಿಂದ ಕೆಳಗಿನಿಂದ ಮೇಲಕ್ಕೆ ತೊಳೆಯಿರಿ. ನಾಲ್ಕೂ ಚಕ್ರಕ್ಕೆ ಒಂದು ಬಕೆಟ್ ನೀರು ಸಾಕು.

ನೀರಿನ ಮಾತು ಬಂತೆಂದು ಹೇಳುತ್ತೇವೆ. 2024ರ ಮಾರ್ಚಿನ ಅಭಾವದಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ತುಕ್ಕು ತಡೆಯಲು ನೀರು ಹೆಚ್ಚು ಬೇಕಿಲ್ಲ, ಸರಿಯಾದ ಜಾಗಕ್ಕೆ ಬೇಕು. ಮನೆಯ ಮಳೆಕೊಯ್ಲಿನ ತೊಟ್ಟಿಯ ನೀರು ಈ ಕೆಲಸಕ್ಕೆ ಬೋರ್‌ವೆಲ್ ನೀರಿಗಿಂತ ಒಳ್ಳೆಯದು, ಅದರಲ್ಲಿ ಲವಣ ಕಡಿಮೆ. ತೊಳೆಯುವುದು ಬೆಳಗ್ಗೆ ಇರಲಿ. ತೊಳೆದ ಮೇಲೆ ಐದಾರು ಕಿಲೋಮೀಟರ್ ಓಡಿಸಿ ಬಂದರೆ ಸಂದಿಯ ನೀರೂ ಹಾರುತ್ತದೆ. ಸಂಜೆ ತೊಳೆದು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ನಿಲ್ಲಿಸಿದ ಕಾರು ಬೆಳಗಿನವರೆಗೂ ಒದ್ದೆಯೇ.

ಪ್ರಶ್ನೆ: ಡಿಕ್ಕಿಯಲ್ಲಿ ಸ್ಟೆಪ್ನಿ ಕೆಳಗೆ ಎರಡು ಲೋಟದಷ್ಟು ನೀರು. ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುತ್ತಿಲ್ಲ.
— ಓದುಗರು, ಬನಶಂಕರಿ

ಉತ್ತರ: ಡಿಕ್ಕಿ ಬಾಗಿಲ ಸುತ್ತಲಿನ ಕಾಲುವೆಯನ್ನು ಮೊದಲು ನೋಡಿ. ಅಲ್ಲಿ ಎಲೆ ಕಟ್ಟಿಕೊಂಡರೆ ನೀರು ರಬ್ಬರ್ ಬೀಡಿಂಗನ್ನು ಹತ್ತಿ ಒಳಬರುತ್ತದೆ. ಕಾಲುವೆ ಶುಚಿಯಾಗಿದ್ದರೆ ಅನುಮಾನ ಹಿಂದಿನ ದೀಪದ ಗ್ಯಾಸ್ಕೆಟ್ ಮೇಲೆ, ಆಮೇಲೆ ಬಂಪರಿನ ಹಿಂದೆ ಇರುವ ಗಾಳಿಕಿಂಡಿಯ ರಬ್ಬರ್ ಪಟ್ಟಿಯ ಮೇಲೆ.

ಪತ್ತೆಗೆ ಒಂದು ಸುಲಭ ಉಪಾಯವಿದೆ. ಡಿಕ್ಕಿಯ ಮ್ಯಾಟ್, ಸ್ಟೆಪ್ನಿ ಎಲ್ಲ ತೆಗೆದು ಚೆನ್ನಾಗಿ ಒಣಗಿಸಿ. ಒಳಗಿನ ಜೋಡಣೆಗಳ ಮೇಲೆ ಮುಖಕ್ಕೆ ಹಾಕುವ ಪೌಡರ್ ತೆಳ್ಳಗೆ ಉದುರಿಸಿ, ಡಿಕ್ಕಿ ಮುಚ್ಚಿ. ಕೆಳಗಿನಿಂದ ಶುರುಮಾಡಿ, ಮೊದಲು ದೀಪದ ಮಟ್ಟಕ್ಕೆ, ಆಮೇಲೆ ಗಾಜಿನ ಮಟ್ಟಕ್ಕೆ, ಪ್ರತಿ ಹಂತಕ್ಕೂ ಐದು ನಿಮಿಷ ನೀರು ಬಿಟ್ಟು ತೆರೆದು ನೋಡಿ. ಪೌಡರಿನಲ್ಲಿ ನೀರು ಹರಿದ ಗೆರೆ ಸ್ಪಷ್ಟವಾಗಿ ಮೂಡಿರುತ್ತದೆ. ಮೇಲಿನಿಂದಲೇ ಶುರುಮಾಡಿದರೆ ಎಲ್ಲ ಕಡೆ ಒದ್ದೆಯಾಗಿ ಏನೂ ತಿಳಿಯದು. ಸ್ಟೆಪ್ನಿ ಕುಳಿಯಲ್ಲಿ ಹಳೇ ಬಟ್ಟೆ, ನ್ಯೂಸ್‌ಪೇಪರ್ ಇಡುವ ಅಭ್ಯಾಸವಿದ್ದರೆ ಬಿಡಿ. ಅವು ತೇವ ಹಿಡಿದು ತಗಡಿಗೆ ಅಂಟಿಕೊಳ್ಳುತ್ತವೆ.

ಪ್ರಶ್ನೆ: ವರ್ಷಕ್ಕೆ ನಾಲ್ಕೈದು ಸಲ ಕುಂದಾಪುರಕ್ಕೆ ಹೋಗಿಬರುತ್ತೇವೆ. ಬೇರೆ ಕಾಳಜಿ ಬೇಕೇ?
— ಓದುಗರು, ಯಲಹಂಕ

ಉತ್ತರ: ಬೇಕು. ಘಾಟಿಯ ಕೆಸರಿಗೆ ಕರಾವಳಿಯ ಉಪ್ಪು ಸೇರಿದರೆ, ಆ ಮಣ್ಣು ಮಳೆ ಇಲ್ಲದ ದಿನವೂ ಗಾಳಿಯ ತೇವವನ್ನು ಎಳೆದುಕೊಂಡು ಹಸಿಯಾಗಿಯೇ ಇರುತ್ತದೆ. ಬಂದ ಎರಡು-ಮೂರು ದಿನದೊಳಗೆ ತಳ, ಕಮಾನು, ಫೆಂಡರ್ ಸಂದಿ ಮೂರನ್ನೂ ಸಿಹಿನೀರಿನಿಂದ ತೊಳೆಯಿರಿ. ಉಪ್ಪು ಕರಗುವುದು ನೀರಿಗೆ, ಒರೆಸಿದರೆ ಹೋಗದು. ಕಡಲತೀರದ ಮರಳಿನ ಮೇಲೆ ಕಾರು ಇಳಿಸಿದ್ದರೆ ಕಾರ್ಪೆಟ್ ಅಡಿಯ ಮರಳನ್ನೂ ವ್ಯಾಕ್ಯೂಮಿನಿಂದ ತೆಗೆಯಿರಿ.

ಪ್ರಶ್ನೆ: ಮರದ ಕೆಳಗೆ ನಿಲ್ಲಿಸದೆ ಬೇರೆ ದಾರಿಯಿಲ್ಲ. ಕವರ್ ಹಾಕಿದರೆ ಸಾಕೇ? ಈ ಶುಚಿ ಮಾಡುವ ಕೆಲಸ ವರ್ಷಕ್ಕೆ ಎಷ್ಟು ಸಲ?
— ಓದುಗರು, ಜಯನಗರ

ಉತ್ತರ: ಒದ್ದೆ ಕಾರಿನ ಮೇಲೆ ಕವರ್ ಹಾಕುವುದು ತುಕ್ಕಿಗೆ ಆಹ್ವಾನ. ಒಣಗಿದ ಕಾರಿಗೆ, ಗಾಳಿಯಾಡುವ ಬಟ್ಟೆಯ ಕವರ್ ಆದರೆ ಒಳ್ಳೆಯದು. ಅದನ್ನು ತೆಗೆಯುವಾಗ ಮೇಲಿನ ಎಲೆ ಜಾಲರಿಗೆ ಸುರಿಯದಂತೆ ಹಿಂದಕ್ಕೆ ಸುತ್ತಿಕೊಂಡು ಹೋಗಿ.

ಎರಡು ಸಲ ಪೂರ್ತಿ ಕೆಲಸ, ನಡುವೆ ವಾರಕ್ಕೊಮ್ಮೆ ಐದು ನಿಮಿಷ. ಹೆಚ್ಚಿನವರು ಜೂನಿನಲ್ಲಿ ನೆನಪಿಸಿಕೊಳ್ಳುತ್ತಾರೆ, ಬೆಂಗಳೂರಿಗೆ ಅದು ತಡ. ಇಲ್ಲಿ ಬೇಸಿಗೆಯಲ್ಲಿ ಎಲೆ ಉದುರಿ, ಏಪ್ರಿಲ್–ಮೇ ತಿಂಗಳ ಸಂಜೆ ಮಳೆಗೇ ಮೊದಲ ನೀರು ಕಟ್ಟುತ್ತದೆ. ಆದ್ದರಿಂದ ಮೊದಲನೆಯದು ಮಾರ್ಚ್ ಕೊನೆಗೆ: ವೈಪರ್ ದೋಣಿ, ಬಾಗಿಲ ತೂತು, ಡಿಕ್ಕಿ ಕಾಲುವೆ, ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆ, ಪೆಟ್ರೋಲ್ ಮುಚ್ಚಳದ ಬಟ್ಟಲಿನ ತಳದ ಪುಟ್ಟ ತೂತು. ಎಲ್ಲರೂ ಮರೆಯುವುದು ಈ ಕೊನೆಯದನ್ನೇ. ಸೆಪ್ಟೆಂಬರ್, ಅಕ್ಟೋಬರ್ ನಮ್ಮಲ್ಲಿ ಮಳೆ ಜೋರಾಗಿರುವ ತಿಂಗಳು. ಅದು ಮುಗಿದು ನವೆಂಬರ್ ಕೊನೆಗೆ ಎರಡನೆಯದು: ಚಕ್ರ ತೆಗೆದು ಫೆಂಡರ್ ಸಂದಿ, ಕಮಾನಿನ ಮಡಿಕೆ, ತಳ. ಆಗ ಒಣಹವೆ ಇರುವುದರಿಂದ ವ್ಯಾಕ್ಸ್, ಪ್ರೈಮರಿಗೂ ಅದೇ ಸರಿಯಾದ ಕಾಲ.

ವಾರದ ಐದು ನಿಮಿಷದಲ್ಲಿ ಬಾನೆಟ್ ತೆರೆದು ಎರಡೂ ಮೂಲೆಯ ಎಲೆ ಹೆಕ್ಕಿ. ಜಾಲರಿಯ ಅಡಿ ಒಣ ಎಲೆಯ ಜೊತೆ ಚಿಂದಿ, ಸ್ಪಂಜಿನ ಚೂರು ಕಂಡರೆ ಅದು ಇಲಿಯ ಗೂಡು. ಕೈಗವಸು ಹಾಕಿ ತೆಗೆದು, ಹತ್ತಿರದ ವೈರುಗಳನ್ನೂ ನೋಡಿ.

ಪ್ರಶ್ನೆ: 2011ರ ಸೆಡಾನ್ ಒಂದನ್ನು ಕೊಳ್ಳಲು ಹೊರಟಿದ್ದೇನೆ. ಒಳತುಕ್ಕು ಇದೆಯೇ ಎಂದು ಪತ್ತೆ ಹೇಗೆ?
— ಓದುಗರು, ಕೆಂಗೇರಿ

ಉತ್ತರ: ಹೊರಗಿನ ಹೊಳಪು ನೋಡುವುದನ್ನು ಕೊನೆಗಿಡಿ. ಒಂದು ಟಾರ್ಚ್, ಚಿಕ್ಕ ಕನ್ನಡಿ, ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ಜೇಬಿನಲ್ಲಿರಲಿ. ಫೆಂಡರಿನ ಕೆಳತುದಿ, ರನ್ನಿಂಗ್ ಬೋರ್ಡ್, ಹಿಂದಿನ ಕಮಾನು, ಬಾಗಿಲ ಕೆಳಅಂಚು ಈ ನಾಲ್ಕು ಕಡೆ ಅಯಸ್ಕಾಂತ ಆಡಿಸಿ. ಬೇರೆಡೆ ಗಟ್ಟಿಯಾಗಿ ಹಿಡಿದದ್ದು ಇಲ್ಲಿ ಜಾರಿದರೆ ಅಡಿಯಲ್ಲಿ ಪುಟ್ಟಿ ಇದೆ. ಪ್ಲಾಸ್ಟಿಕ್ ಬಂಪರಿಗೆ ಅಂಟಲಿಲ್ಲವೆಂದು ಗಾಬರಿಯಾಗಬೇಡಿ.

ಸ್ಟೆಪ್ನಿ ಎತ್ತಿಸಿ, ಕುಳಿ ನೋಡಿ. ಮುಂದಿನ ಕಾರ್ಪೆಟ್ಟಿನ ಮೂಲೆ ಎತ್ತಿ ಫೆಲ್ಟಿಗೆ ಅಂಗೈ ಒತ್ತಿ. ತಳಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೆ ಅದನ್ನು ಹೆಚ್ಚುಗಾರಿಕೆ ಎಂದುಕೊಳ್ಳಬೇಡಿ, ಮಾರುವ ಮುನ್ನ ಏಕೆ ಹೊಡೆಸಿದರು ಎಂದು ಕೇಳಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತ ನೀರಲ್ಲಿ ಮುಳುಗಿದ ಕಾರುಗಳು ಎಷ್ಟೋ. ಅಂಥದ್ದೇ ಎಂದು ಅನುಮಾನವಿದ್ದರೆ ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಕಲೆ ಉಳಿದಿರುತ್ತದೆ, ಅಷ್ಟು ಒಳಗೆ ಯಾರೂ ತೊಳೆಯುವುದಿಲ್ಲ. ಸೀಟಿನ ಹಳಿಗಳ ಮೂಲೆಯಲ್ಲಿ ನುಣ್ಣನೆ ಹೂಳು ಇದೆಯೇ ಅದನ್ನೂ ನೋಡಿ.

15 ವರ್ಷ ತುಂಬಿದ ಕಾರಿಗೆ ಆರ್.ಸಿ. ನವೀಕರಣ ಬೇಕು, ಅದು ಮತ್ತೆ ಐದು ವರ್ಷಕ್ಕೆ. ಕಾರನ್ನು ತಪಾಸಣೆಗೆ ಒಯ್ಯಬೇಕಾದ ಹೊತ್ತಿಗೆ ರನ್ನಿಂಗ್ ಬೋರ್ಡ್ ಕೊಳೆತಿದ್ದರೆ ರಿಪೇರಿಯ ಖರ್ಚು ನಿಮ್ಮ ತಲೆಗೇ. ಹಾಗಾಗಿ ಬೆಲೆ ಮಾತಾಡುವ ಮೊದಲು ಕಾರನ್ನು ಯಾವುದಾದರೂ ಗ್ಯಾರೇಜಿನ ಲಿಫ್ಟಿಗೆ ಏರಿಸಿ ಅರ್ಧ ಗಂಟೆ ತಳ ನೋಡಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಬೇರೆ ಕಾರು ಹುಡುಕಿ.